ಪಂಕಜಾಕ್ಷಿ ಟೀಚರ್ ಬಗ್ಗೆ ಒಂದು ವಾಕ್ಯ

ನೆಕ್ರಾಜೆ
೩ ಜುಲೈ ೨೦೦೫

ಪ್ರೀತಿಯ ವಾರಿಜಳಿಗೆ,

ನಾವೆಲ್ಲ ಕ್ಷೇಮ. ಅಮ್ಮನ ಮೊಣಕಾಲು ನೋವು ಜೋರಾಗಿದೆ, ನಾಲಗೆಗೆ ಮಾತ್ರ ಯಾವ ನೋವೂ ಇಲ್ಲ.

ನಮ್ಮ ಶಾಲೆಗೆ ಈ ಡಿಸೆಂಬರಿಗೆ ಐವತ್ತು ವರ್ಷ ತುಂಬುತ್ತದೆ. ಹೆಡ್‌ಮಾಷ್ಟ್ರು ನಾನೇ ಆದ ಕಾರಣ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯ ಕೆಲಸವೂ ನನ್ನ ತಲೆಗೇ ಬಂದಿದೆ. ಶಾಲೆಯ ಇತಿಹಾಸ ಬರೆದಿದ್ದೇನೆ. ನೀನು ಹೈದರಾಬಾದಿನಲ್ಲಿ ಭಾಷಾಶಾಸ್ತ್ರ ಪಾಠ ಮಾಡುವವಳು. ಅಮ್ಮನ ಪ್ರಸ್ತಾಪ ಬರುವ ಭಾಗವನ್ನಾದರೂ ಒಮ್ಮೆ ನೋಡಿ, ಕಾಗುಣಿತ ತಿದ್ದಿ ಕಳಿಸು.

"ಊರಿನಲ್ಲಿ ಕನ್ನಡ ಶಾಲೆಯ ಕೊರತೆ ಕಂಡುಬಂದ ಕಾರಣ ೧೯೫೫ರಲ್ಲಿ ಶಾಲೆ ಆರಂಭವಾಯಿತು. ಮ್ಯಾನೇಜರ್ ಶಿವಸುಬ್ರಹ್ಮಣ್ಯರು ಸ್ಥಳ ದಾನ ಮಾಡಿದರು, ಕಟ್ಟಡ ಕಟ್ಟಿಸಿದರು, ಸರಕಾರದ ಮಂಜೂರಾತಿ ತಂದರು. ಮಕ್ಕಳ ಸಂಖ್ಯೆ ದಿನೇ ದಿನೇ ಹೆಚ್ಚಿತು. ಪಂಕಜಾಕ್ಷಿ ಟೀಚರ್ ಅವರ ಸೇವೆಯೂ ಶಾಲೆಗೆ ಲಭಿಸಿತ್ತು. ೧೯೮೪ರಲ್ಲಿ ಅದು ಕೊನೆಗೊಂಡಿತು."

ಶಿವಸುಬ್ರಹ್ಮಣ್ಯರು ತೀರಿಹೋದ ಮೇಲೆ ಈಗ ಅವರ ಮಗ ಈಶ್ವರಪ್ರಸಾದರು ಮ್ಯಾನೇಜರ್. ಅವರು ಓದಿ ಒಪ್ಪಿದ ಮೇಲೆ ಪ್ರೆಸ್ಸಿಗೆ ಹೋಗುತ್ತದೆ.

ಫೋನ್ ಮಾಡಬೇಡ. ಫೋನು ಇರುವುದು ಅಮ್ಮನ ಕುರ್ಚಿಯ ಪಕ್ಕದಲ್ಲಿ. ಹಳೆಯದನ್ನು ಕೆದಕಿ ಅವರ ಮನಸ್ಸು ನೋಯಿಸುವುದು ಬೇಡ.

ನಿನ್ನ ಅಣ್ಣ,
ಮಹಾಲಿಂಗ

ಹೈದರಾಬಾದು
೧೨ ಜುಲೈ ೨೦೦೫

ಅಣ್ಣ,

ನಿನ್ನ ಇತಿಹಾಸ ಓದಿದೆ. ನನಗೆ ಸಿಟ್ಟು ಬಂತು ಎಂದು ಬರೆಯುವುದಿಲ್ಲ. ಹಾಗೆ ಬರೆದರೆ ಸಿಟ್ಟು ಎಲ್ಲಿಂದಲೋ ನೆಗಡಿಯಂತೆ ಬಂದದ್ದು, ಅದರಲ್ಲಿ ನನ್ನದೇನೂ ಇಲ್ಲ ಎಂದಾಗುತ್ತದೆ. ನಾನು ಸಿಟ್ಟು ಮಾಡಿದ್ದೇನೆ. ನಿನ್ನ ಮೇಲೆಯೇ ಮಾಡಿದ್ದೇನೆ.

ಕಾಗುಣಿತ ಸರಿಯಿದೆ. ಉಳಿದದ್ದು ಯಾವುದೂ ಸರಿಯಿಲ್ಲ.

ನಾನು ಇಷ್ಟು ವರ್ಷ ಕಲಿತದ್ದು, ಕಲಿಸಿದ್ದು ಇದೊಂದನ್ನೇ, ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳು. ಕ್ರಿಯಾಪದ ಎಂದರೆ ಊಟಕ್ಕೆ ಕರೆಯುವ ಯಜಮಾನ. ಎಷ್ಟು ಎಲೆ ಹಾಕಬೇಕು ಎಂದು ಅದು ಹೇಳುತ್ತದೆ. 'ಮಲಗು' ಎಂದರೆ ಒಂದು ಎಲೆ ಸಾಕು. 'ಕೊಡು' ಎಂದರೆ ಮೂರು: ಕೊಟ್ಟವರಿಗೊಂದು, ಕೊಟ್ಟದ್ದಕ್ಕೊಂದು, ಪಡೆದವರಿಗೊಂದು. ಆದರೆ ಯಜಮಾನನೊಬ್ಬನೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಪಂಕ್ತಿ ಹೇಗೆ ಹಾಕಿದ್ದಾರೆ ಎಂಬುದರ ಮೇಲೆ ಅವನ ಮಾತಿನ ಅರ್ಥವೇ ಬೇರೆಯಾಗುತ್ತದೆ. ಬಸ್ಸು ಬಿಟ್ಟಿತು. ಹಲಸು ಕಾಯಿ ಬಿಟ್ಟಿತು. ಮಗುವನ್ನು ಶಾಲೆಗೆ ಬಿಟ್ಟರು. ಮಗುವನ್ನು ಆಡಲು ಬಿಟ್ಟರು. ಎಲ್ಲ ಕಡೆಯೂ ಅದೇ 'ಬಿಡು'. ಒಂದು ಕಡೆ ಹೊರಡುವುದು, ಒಂದು ಕಡೆ ಫಲ ಕೊಡುವುದು, ಒಂದು ಕಡೆ ತಲುಪಿಸುವುದು, ಒಂದು ಕಡೆ ಒಪ್ಪಿಗೆ. ಆ ವ್ಯತ್ಯಾಸವನ್ನು ಪದ ತನ್ನ ಜೋಳಿಗೆಯಲ್ಲಿ ಹೊತ್ತು ತಂದದ್ದಲ್ಲ, ವಾಕ್ಯ ಕೊಟ್ಟದ್ದು. ಯಾರನ್ನು ಎಲ್ಲಿ ಕೂರಿಸಿದೆವು ಎಂಬುದೇ ಅರ್ಥ.

ಈಗ ನಿನ್ನ ಪಂಕ್ತಿ ನೋಡು. ಮ್ಯಾನೇಜರ್ ದಾನ ಮಾಡುತ್ತಾರೆ, ಕಟ್ಟಿಸುತ್ತಾರೆ, ತರುತ್ತಾರೆ. ಮೊದಲ ಎಲೆ ಯಾವಾಗಲೂ ಅವರದ್ದು. ಮಕ್ಕಳ ಸಂಖ್ಯೆ ಮಾತ್ರ ತಾನಾಗಿಯೇ ಹೆಚ್ಚುತ್ತದೆ! ಗೇರುಬೀಜ ಹೆಕ್ಕಲು ಹೋಗುತ್ತಿದ್ದ ಹುಡುಗಿಯರನ್ನು ಮನೆಮನೆಗೆ ಹೋಗಿ ಕೈಹಿಡಿದು ಕರೆತಂದವರು ಯಾರು? ಅವರ ಅಪ್ಪಂದಿರ ಬಾಯಿಂದ ಬೈಗಳು ತಿಂದವರು ಯಾರು? ಅಮ್ಮನ 'ಸೇವೆ' ಲಭಿಸುತ್ತದೆ, 'ಸೇವೆ' ಕೊನೆಗೊಳ್ಳುತ್ತದೆ. ಅಮ್ಮ ಎಲ್ಲಿ? ನಿನ್ನ ಊಟದಲ್ಲಿ ಅಮ್ಮನಿಗೆ ಅಡಿಗೆಕೋಣೆಯಲ್ಲೂ ಒಂದು ಎಲೆ ಇಲ್ಲ.

ಕೊನೆಗೊಂಡಿತಂತೆ! ಮಳೆಗಾಲ ಕೊನೆಗೊಳ್ಳುತ್ತದೆ. ಅಮ್ಮನನ್ನು ತೆಗೆದರು ಅಣ್ಣ, ಮತ್ತು ತೆಗೆದವರಿಗೆ ಹೆಸರಿದೆ. ಆ ಜೂನಿನಲ್ಲಿ ನನಗೆ ಹದಿನೆಂಟು. ಅಮ್ಮ ಹೊತ್ತಿಗೆ ಮೊದಲೇ ಮನೆಗೆ ಬಂದರು. ಬಂದವರೇ ಬಾವಿಯಿಂದ ನೀರು ಸೇದತೊಡಗಿದರು. ತುಂಬಿದ ಕೊಡಪಾನಕ್ಕೇ ಮತ್ತೆ ಮತ್ತೆ ಹೊಯ್ಯುತ್ತಿದ್ದರು. ಊರಿಡೀ ಹೇಳಿತು, ಮ್ಯಾನೇಜರ್ ಟೀಚರನ್ನು ತೆಗೆದರಂತೆ ಎಂದು. ಊರಿಗೆ ಗೊತ್ತಿದ್ದದ್ದು ಮಗನಿಗೆ ಗೊತ್ತಿಲ್ಲವೇ?

ಹೀಗೆ ಹಾಕು: "೧೯೮೪ರಲ್ಲಿ ಮ್ಯಾನೇಜರ್ ಶಿವಸುಬ್ರಹ್ಮಣ್ಯರು ಪಂಕಜಾಕ್ಷಿ ಟೀಚರನ್ನು ಕೆಲಸದಿಂದ ತೆಗೆದುಹಾಕಿದರು."

ವಾರಿಜ

ನೆಕ್ರಾಜೆ
೨೧ ಜುಲೈ ೨೦೦೫

ಪ್ರೀತಿಯ ವಾರಿಜಳಿಗೆ,

ನಿನ್ನ ಪಾಠ ತಲುಪಿತು. ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತವನ ಹಾಗೆ ಓದಿದೆ.

ಸ್ಮರಣ ಸಂಚಿಕೆ ಎಂದರೆ ಪೊಲೀಸ್ ಠಾಣೆಯಲ್ಲಿ ಕೊಡುವ ದೂರು ಅಲ್ಲ ಮಾರಾಯ್ತಿ. ಅತಿಥಿಗಳು ಬರುತ್ತಾರೆ, ಫೋಟೋಕ್ಕೆ ಹಾರ ಹಾಕುತ್ತಾರೆ. ಸತ್ತವರ ಮೇಲೆ ಆರೋಪ ಬರೆದು ಅವರ ಮಗನ ಕೈಯಿಂದಲೇ ಬಿಡುಗಡೆ ಮಾಡಿಸುವುದು ಯಾವ ಊರಿನ ಮರ್ಯಾದೆ?

ಪ್ರತಿ ಜೂನಿನಲ್ಲಿ ಶಾಲೆ ತೆರೆದ ಆರನೇ ದಿನ ಇಲಾಖೆಯವರು ಮಾಡುವ ತಲೆ ಎಣಿಕೆ ನಿನಗೂ ಗೊತ್ತು. ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಒಬ್ಬ ಟೀಚರಿನ ಹುದ್ದೆ ಹೋಗುತ್ತದೆ. ಆ ವರ್ಷ ಹಾಗಾಯಿತು. ಆದರೂ ನಿನ್ನ ಮಾತಿಗೆ ಬೆಲೆ ಕೊಟ್ಟು ತಿದ್ದಿದ್ದೇನೆ: "ಡಿವಿಷನ್ ಕಡಿಮೆಯಾದ ಕಾರಣ ಪಂಕಜಾಕ್ಷಿ ಟೀಚರ್ ಅವರ ಕೆಲಸ ಹೋಯಿತು." ಇದರಲ್ಲಿ ಸುಳ್ಳು ಎಂತ ಉಂಟು?

ಅಮ್ಮ ಮೊನ್ನೆ ಕೇಳಿದರು, "ವಾರಿಜನ ಕಾಗದ ಮೇಲಿಂದ ಮೇಲೆ ಬರ್ತದಲ್ಲ, ಎಂತ ವಿಶೇಷ?" ಎಂದು. ಸಂಚಿಕೆಗೆ ಲೇಖನ ಬರೆಯುತ್ತಾಳೆ ಎಂದೆ.

ಮಹಾಲಿಂಗ

ಹೈದರಾಬಾದು
೧ ಆಗಸ್ಟ್ ೨೦೦೫

ಅಣ್ಣ,

ಕೆಲಸ ಹೋಯಿತು! ಎಲ್ಲಿಗೆ ಹೋಯಿತು? ಬಸ್ಸು ಹತ್ತಿ ಕುಂಜತ್ತೂರಿಗೆ ನೆಂಟರ ಮನೆಗೆ ಹೋಯಿತೇ? ಮೊದಲು ಸೇವೆ ತಾನಾಗಿ ಕೊನೆಗೊಂಡಿತು, ಈಗ ಕೆಲಸ ತಾನಾಗಿ ಎದ್ದು ನಡೆಯಿತು. ನಿನ್ನ ಶಾಲೆಯಲ್ಲಿ ಮನುಷ್ಯರು ಯಾರೂ ಏನೂ ಮಾಡುವುದಿಲ್ಲ ಎಂದಾಯಿತು.

ಸರಿ, ತಲೆ ಎಣಿಕೆಗೇ ಬರೋಣ. ಡಿವಿಷನ್ ಹೋದರೆ ಹೊರಹೋಗಬೇಕಾದವರು ಎಲ್ಲರಿಗಿಂತ ಕೊನೆಗೆ ಸೇರಿದವರು. ಆ ವರ್ಷ ಅದು ಅಮ್ಮಣಿ ಟೀಚರ್. ಅವರು ಮೊನ್ನೆ ಮೊನ್ನೆ ನಿವೃತ್ತರಾಗುವವರೆಗೆ ಅಲ್ಲೇ ಇದ್ದರಲ್ಲ? ಅಮ್ಮ ಅವರಿಗಿಂತ ಎಷ್ಟೋ ಹಿರಿಯರು. ಮತ್ತೆ ಅಮ್ಮನೇ ಹೇಗೆ ಹೊರಬಿದ್ದರು? ಮ್ಯಾನೇಜರಿಗೆ ಅಮ್ಮನ ನೇರ ನಾಲಗೆ ಆಗುತ್ತಿರಲಿಲ್ಲ, ನೆವ ಸಿಕ್ಕಿತು, ತೆಗೆದರು. ಇದನ್ನು ಅರ್ಥ ಮಾಡಿಕೊಳ್ಳಲು ಭಾಷಾಶಾಸ್ತ್ರ ಬೇಡ.

ನಿನ್ನೆ ಅನ್ವಿತಾಳ ಇಮೇಲ್ ಬಂತು. "ಮಾಮಿ, ನಮ್ಮ ಶಾಲೆಯಲ್ಲೇ ನನಗೆ ಪೋಸ್ಟ್ ಆಗ್ತದೆ, ಮ್ಯಾನೇಜರ್ ಹೂಂ ಅಂದಿದ್ದಾರೆ" ಎಂದು ಕುಣಿದಿದ್ದಾಳೆ. ನಿನ್ನ ಮಗಳ ಸಂತೋಷದ ಸುದ್ದಿ ನೀನು ನನಗೆ ಯಾಕೆ ಬರೆಯಲಿಲ್ಲ ಎಂದು ಯೋಚಿಸಿದೆ. ನಿನ್ನ ವಾಕ್ಯಗಳೆಲ್ಲ ಯಾಕೆ ಹೀಗೆ ಸೊಂಟ ಬಗ್ಗಿಸಿ ನಡೆಯುತ್ತವೆ ಎಂಬುದೂ ಗೊತ್ತಾಯಿತು. ಅಮ್ಮನನ್ನು ಹೊರಹಾಕಿದ ಮನೆಯ ಉಪ್ಪು ನೀನು ತಿಂದದ್ದು ಸಾಲದೇ? ಮಗಳಿಗೂ ತಿನ್ನಿಸಬೇಕೇ?

ವಾರಿಜ

ನೆಕ್ರಾಜೆ
೧೧ ಆಗಸ್ಟ್ ೨೦೦೫

ವಾರಿಜ,

ಹೌದು. ನಮ್ಮದು ಎಯ್ಡೆಡ್ ಶಾಲೆ. ಸಂಬಳ ಸರಕಾರದ್ದು, ನೇಮಕ ಮ್ಯಾನೇಜರರದ್ದು. ಈಶ್ವರಪ್ರಸಾದರು ಇಂದು ಹೂಂ ಎಂದದ್ದು ನಾಳೆ ಊಹೂಂ ಆಗಲು ಒಂದು ವಾಕ್ಯ ಸಾಕು. ನಿನಗೆ ಅದು ಸೆಮಿನಾರಿನ ವಿಷಯ, ನನಗೆ ಮಗಳ ಬದುಕು. ಕನ್ನಡದಲ್ಲಿ ಕಲಿತ ಹುಡುಗಿಗೆ ಕೇರಳದ ಈ ಜಿಲ್ಲೆಯಲ್ಲಿ ಎಷ್ಟು ಬಾಗಿಲು ತೆರೆದಿದೆ ಎಂದು ನಿನಗೆ ಗೊತ್ತುಂಟಾ? ಕನ್ನಡ ಮಕ್ಕಳ ಮುಂದೆ ಕನ್ನಡ ಬಾರದವರನ್ನು ತಂದು ನಿಲ್ಲಿಸುವ ಕಾಲ ಇದು. ಅವಳು ಟೀಚರ್ ತರಬೇತಿಯ ಟಿಟಿಸಿ ಮುಗಿಸಿ ಮನೆಯಲ್ಲಿ ಕೂತಿದ್ದಾಳೆ. ಮುಖ ನೋಡುವವನು ನಾನು.

ಉಪ್ಪಿನ ಮಾತು ಎತ್ತಿದ್ದೀ. ಅಪ್ಪ ಇಲ್ಲದ ಮನೆಯಲ್ಲಿ ನಿನ್ನ ಹಾಸ್ಟೆಲಿಗೆ ತಿಂಗಳು ತಿಂಗಳು ಮನಿಯಾರ್ಡರ್ ಬಂದದ್ದು ಆ ಉಪ್ಪಿನಿಂದಲೇ. ಅದು ತಾನಾಗಿ ಬಂದದ್ದಲ್ಲ, ನಾನು ಕಳಿಸಿದ್ದು. ನಿನ್ನ ಪಂಕ್ತಿಯಲ್ಲಿ ನನಗೊಂದು ಎಲೆ ಹಾಕಿದ್ದೀಯಾ?

ಇನ್ನು ಈ ವಿಷಯ ಬರೆಯಬೇಡ. ನಾನು ಉತ್ತರ ಕೊಡುವುದಿಲ್ಲ.

ಮಹಾಲಿಂಗ

ಹೈದರಾಬಾದು
೭ ಸೆಪ್ಟೆಂಬರ್ ೨೦೦೫
(ರಿಜಿಸ್ಟರ್ಡ್)

ಇವರಿಗೆ,
ಹೆಡ್‌ಮಾಸ್ಟರ್ ಮತ್ತು ಸಂಚಾಲಕರು, ಸ್ಮರಣ ಸಂಚಿಕೆ ಸಮಿತಿ

ಮಾನ್ಯರೇ,

ನಾನು ಪಂಕಜಾಕ್ಷಿ ಟೀಚರ್ ಅವರ ಮಗಳು. ಈ ಶಾಲೆಯ ಹಳೆ ವಿದ್ಯಾರ್ಥಿನಿ. ಶಾಲೆಯ ಇತಿಹಾಸದಲ್ಲಿ ಕೆಳಗಿನ ವಾಕ್ಯ ಇದ್ದಂತೆಯೇ ಅಚ್ಚಾಗಬೇಕು:

"೧೯೮೪ರಲ್ಲಿ ಮ್ಯಾನೇಜರ್ ಶಿವಸುಬ್ರಹ್ಮಣ್ಯರು ಪಂಕಜಾಕ್ಷಿ ಟೀಚರನ್ನು ಅನ್ಯಾಯವಾಗಿ ಕೆಲಸದಿಂದ ತೆಗೆದುಹಾಕಿದರು."

ಇಲ್ಲವಾದರೆ ಕಾಸರಗೋಡಿನಲ್ಲಿ ಕನ್ನಡ ಪತ್ರಿಕೆ ಎಂಬುದು ಎಷ್ಟಿವೆಯೋ ಅಷ್ಟಕ್ಕೂ ಬರೆಯುತ್ತೇನೆ. ನನ್ನ ತಾಯಿಯ ಮೇಲಾದ ಅನ್ಯಾಯದ ಬಗ್ಗೆ ಮಾತಾಡಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಇತಿ,
ಡಾ. ವಾರಿಜ

ನೆಕ್ರಾಜೆ
೧೬ ಸೆಪ್ಟೆಂಬರ್ ೨೦೦೫

ವಾರಿಜಳಿಗೆ,

ಓಣಂ ರಜೆ ಎಂಬುದೊಂದು ಇದೆ ಎನ್ನುವುದನ್ನು ಹೈದರಾಬಾದಿಗೆ ಹೋಗಿ ಮರೆತಿದ್ದೀ. ಶಾಲೆಗೆ ಬೀಗ ಬಿದ್ದು ವಾರವಾಯಿತು. ಪೋಸ್ಟ್‌ಮ್ಯಾನ್ ಮುದ್ದಣ್ಣ ನನ್ನ ಹತ್ತಿರ ಅ ಆ ಕಲಿತವನು. "ಹೆಡ್‌ಮಾಷ್ಟ್ರ ರಿಜಿಸ್ಟರ್ಡು ಅಲ್ವಾ ಟೀಚರ್, ನೀವೇ ಒಂದು ಸೈನ್ ಹಾಕಿ ಇಟ್ಕೊಳ್ಳಿ" ಎಂದು ಕೈಯಲ್ಲಿಟ್ಟು ಹೋದ. ಅಕ್ಷರ ನಿನ್ನದು. ಒಡೆದೆ, ಓದಿದೆ. ಮಹಾಲಿಂಗ ಪೇಟೆಯಿಂದ ಬಂದ ಮೇಲೆ ಉಳಿದ ಕಾಗದಗಳನ್ನೂ ತರಿಸಿ ಓದಿದೆ. ಅವನು ಬರೆದದ್ದು ಎಂತ ಎಂದು ಅವನ ಬಾಯಿಂದಲೇ ಹೇಳಿಸಿದೆ.

ನನ್ನ ಮಕ್ಕಳಿಬ್ಬರು ಜುಲೈಯಿಂದ ನನ್ನ ಬಗ್ಗೆ ಜಗಳ ಮಾಡುತ್ತಿದ್ದೀರಿ. ನಾನು ಇಲ್ಲೇ ಕುರ್ಚಿಯಲ್ಲಿ ಕೂತಿದ್ದೇನೆ. "ಅಮ್ಮ, ಆ ದಿನ ಎಂತ ಆದದ್ದು?" ಎಂದು ಕೇಳಲು ಒಬ್ಬರಿಗೂ ಬಾಯಿ ಬರಲಿಲ್ಲ. ನನ್ನ ಕಿವಿಗೆ ಬೀಳಬಾರದೆಂದು ಫೋನ್ ಮಾಡುವುದನ್ನೂ ನಿಲ್ಲಿಸಿದ್ದೀರಿ. ನಾನು ಸತ್ತು ಹೋದವಳೇ? ನನಗೆ ಹಾರ ಹಾಕಿದ್ದು ಯಾವಾಗ?

ಈಗ ಕೇಳು. ಆ ಆರನೇ ದಿನ ನನ್ನ ಮೂರನೇ ಕ್ಲಾಸಿಗೆ ಮಕ್ಕಳು ಸಾಲದೆ ಬಂದಿತ್ತು. ಅದಕ್ಕೆ ಎಲ್ಲ ಕಡೆ ಒಂದು ಉಪಾಯ ಇತ್ತು. ಶಿಕ್ಷಣ ಇಲಾಖೆಯ ಅಧಿಕಾರಿ ಎಇಒ ಎಣಿಸಲು ಬರುವ ದಿನ ಬೇರೆ ಊರಿನ ಮಕ್ಕಳನ್ನು ತಂದು ಕೂರಿಸುವುದು, ಅವರು ಹೋದ ಮೇಲೆ ಮಕ್ಕಳನ್ನು ವಾಪಸು ಬಿಡುವುದು. ಬೆಳಿಗ್ಗೆ ಶಿವಸುಬ್ರಹ್ಮಣ್ಯರ ಜೀಪಿನಲ್ಲಿ ಅಂಥ ಮಕ್ಕಳು ಬಂದು ಇಳಿದವು. ಹಾಜರಿಯಲ್ಲಿದ್ದ ಹೆಸರು ಬೇರೆ, ಅವುಗಳ ಹೆಸರು ಬೇರೆ. "ನೀವು ಕರೆದರೆ ಸಾಕು ಟೀಚರೇ, ಅವು ಹಾಜರ್ ಅಂತ ಹೇಳ್ತವೆ" ಎಂದರು. ಎದುರಿನ ಬೆಂಚಿನಲ್ಲಿ ಒಂದು ಹುಡುಗಿ ತನ್ನದಲ್ಲದ ಹೆಸರನ್ನು ಬಾಯಿಪಾಠ ಮಾಡುತ್ತಾ ಇತ್ತು. ತಪ್ಪಿದರೆ ಪೆಟ್ಟು ಬೀಳುತ್ತದೋ ಎಂದು ಅದಕ್ಕೆ ಹೆದರಿಕೆ. ಶಾಲೆಗೆ ಬಂದ ಮಗುವಿಗೆ ನಾನು ಮೊದಲು ಕಲಿಸುತ್ತಿದ್ದದ್ದು ತನ್ನ ಹೆಸರನ್ನು ಗಟ್ಟಿಯಾಗಿ ಹೇಳುವುದನ್ನು. ನಾನು ಆ ಹೆಸರುಗಳನ್ನು ಕರೆಯಲಿಲ್ಲ. ಎಇಒ ಎದುರು ನನ್ನ ಮಕ್ಕಳನ್ನು ಮಾತ್ರ ಕರೆದು ಪುಸ್ತಕ ಮುಚ್ಚಿದೆ. ಡಿವಿಷನ್ ಹೋಯಿತು ಎಂದು ನಿನ್ನ ಅಣ್ಣ ಬರೆಯುತ್ತಾನೆ. ಹೋದದ್ದಲ್ಲ. ನಾನು ಕಳೆದದ್ದು.

ನಿನ್ನ ಲೆಕ್ಕವೂ ಸರಿ. ಹೊರಗೆ ಹೋಗಬೇಕಾದವಳು ಅಮ್ಮಣಿ. ಗಂಡ ಸತ್ತು ವರ್ಷ ತುಂಬಿರಲಿಲ್ಲ, ಕಂಕುಳಲ್ಲಿ ಕೂಸು. ನಾನು ಸತ್ಯ ಹೇಳಿದ್ದಕ್ಕೆ ಅವಳು ಉಪವಾಸ ಬೀಳಬೇಕೇ? ಒಬ್ಬರು ತಾವಾಗಿ ಬಿಟ್ಟರೆ ಅವಳು ಉಳಿಯುತ್ತಾಳೆ ಎಂದು ನನಗೆ ಗೊತ್ತಿತ್ತು. ಅಲ್ಲೇ ಕೂತು ರಾಜೀನಾಮೆ ಬರೆದು ಕೊಟ್ಟೆ. ಆ ಮನುಷ್ಯ "ಬೇಡ ಟೀಚರೇ, ಸಿಟ್ಟಿನಲ್ಲಿ ಹೀಗೆ ಮಾಡಬೇಡಿ" ಎಂದು ಗೇಟಿನ ತನಕ ಹಿಂದೆ ಬಂದರು. ಅವರು ಮಾಡಹೊರಟದ್ದು ಮೋಸ. ಆದರೆ ನನ್ನನ್ನು ಅವರು ತೆಗೆಯಲಿಲ್ಲ. ಇಲ್ಲದ ತಪ್ಪನ್ನು ಸತ್ತವರ ತಲೆಗೆ ಕಟ್ಟುವುದನ್ನು ನಾನು ನಿನಗೆ ಕಲಿಸಲಿಲ್ಲ.

ಊರು ತೆಗೆದರು ಎಂದಿತು. ನಾನು ತಿದ್ದಲಿಲ್ಲ. ನಾನೇ ಬಿಟ್ಟೆ ಎಂದರೆ ಯಾಕೆ ಎಂದು ಕೇಳುತ್ತಾರೆ, ಆಮೇಲೆ ಅಮ್ಮಣಿಯ ಹೆಸರು ಎಲ್ಲರ ಬಾಯಿಗೂ ಬೀಳುತ್ತದೆ. ಅವಳು ತಲೆ ಎತ್ತಿ ಪಾಠ ಮಾಡಬೇಕಿತ್ತು.

ಉಪ್ಪಿನ ಮಾತು ಬರೆದಿದ್ದೀಯಲ್ಲ, ಎರಡು ವರ್ಷದ ಮೇಲೆ ಮಹಾಲಿಂಗನನ್ನು ಆ ಶಾಲೆಗೆ ಕಳಿಸಿದ್ದು ನಾನು. ಅವನಿಗೆ ಮನಸ್ಸೇ ಇರಲಿಲ್ಲ. ಮಕ್ಕಳ ಹೆಸರನ್ನು ಸರಿಯಾಗಿ ಕರೆಯುವವನೊಬ್ಬ ಅಲ್ಲಿರಲಿ ಎಂದು ದೂಡಿ ಕಳಿಸಿದೆ.

ಇನ್ನು ನಿನ್ನ ವಿದ್ಯೆಗೆ ಬರುತ್ತೇನೆ. ಎಲೆಯ ಪಾಠ ನನಗೆ ಚೆನ್ನಾಗಿಯೇ ಅರ್ಥವಾಯಿತು. ಮಹಾಲಿಂಗ ನನ್ನನ್ನು ವಾಕ್ಯದಿಂದ ಹೊರಗಿಟ್ಟ. ಹೆದರಿ ಇಟ್ಟ. ನೀನು ಒಳಗೆ ಕರೆತಂದೆ, ಸಂತೋಷ. ಆದರೆ ಎಲ್ಲಿ ಕೂರಿಸಿದೆ? ಮ್ಯಾನೇಜರ್ ಎತ್ತಿ ಹೊರಗೆಸೆಯುವ ಸಾಮಾನಿನ ಜಾಗದಲ್ಲಿ! ಮೊದಲ ಎಲೆ ನೀನೂ ಅವರಿಗೇ ಹಾಕಿದ್ದೀ. ನನ್ನ ಬದುಕಿನಲ್ಲಿ ನಾನು ಧೈರ್ಯ ಮಾಡಿ ಮಾಡಿದ ಒಂದು ಕೆಲಸವನ್ನು ನನ್ನ ಕೈಯಿಂದ ಕಿತ್ತು ಆ ಮನುಷ್ಯನ ಕೈಗೆ ಕೊಟ್ಟಿದ್ದೀ. ಅದನ್ನು ರಿಜಿಸ್ಟರ್ಡ್ ಬೇರೆ ಮಾಡಿದ್ದೀ. ಇದಕ್ಕೆ ಹೈದರಾಬಾದಿನ ತನಕ ಹೋಗಬೇಕಿತ್ತಾ?

ಇಬ್ಬರೂ ಬರೆಯುವುದು ಬೇಡ. ನಾನೇ ಬರೆದು ಮಹಾಲಿಂಗನ ಕೈಗೆ ಕೊಟ್ಟಿದ್ದೇನೆ: "೧೯೮೪ರ ಜೂನ್ ತಿಂಗಳಲ್ಲಿ ಪಂಕಜಾಕ್ಷಿ ಟೀಚರ್ ಸುಳ್ಳು ಹಾಜರಿ ಕರೆಯಲು ಒಪ್ಪದೆ ಕೆಲಸ ಬಿಟ್ಟರು." ಒಂದಕ್ಷರ ಬದಲಿಸಬಾರದು. ಅಮ್ಮಣಿಯ ಹೆಸರು ಈ ಮನೆ ದಾಟಬಾರದು. ಅನ್ವಿತಾಳಿಗೆ ಎಲ್ಲವನ್ನೂ ಓದಲು ಕೊಟ್ಟಿದ್ದೇನೆ. ಹೀಗೆ ಮಾಡು, ಹಾಗೆ ಮಾಡು ಎಂದು ನಾನು ಹೇಳಿಲ್ಲ.

ಅಮ್ಮ

ಹೈದರಾಬಾದು
೨೭ ಸೆಪ್ಟೆಂಬರ್ ೨೦೦೫

ಅಣ್ಣ,

ಅಮ್ಮನಿಗೆ ಬೇರೆ ಬರೆದಿದ್ದೇನೆ. ಮೂರು ಸಲ ಹರಿದು ಬರೆದೆ. ಪ್ರತಿ ಸಲವೂ ಸಮರ್ಥನೆಯೇ ಬರುತ್ತಿತ್ತು.

ಉಪ್ಪಿನ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಮನಿಯಾರ್ಡರು ನೀನು ಕಳಿಸಿದ್ದು ನಿಜ, ಅದನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಇಷ್ಟು ವರ್ಷ ಶಿವಸುಬ್ರಹ್ಮಣ್ಯರ ಮೇಲೆ ಇಟ್ಟದ್ದನ್ನು ಈಗ ಎಲ್ಲಿ ಇಡಲಿ? ಹೆದರಿದ ಮಕ್ಕಳನ್ನು ಜೀಪಿನಲ್ಲಿ ತುಂಬಿ ತಂದದ್ದಕ್ಕೆ ಅರ್ಧ ಅವರಿಗೇ ಇರಲಿ. ಉಳಿದ ಅರ್ಧ ನನ್ನ ಮೇಲೆಯೇ ಬೀಳುತ್ತಿದೆ.

ಆ ವಾಕ್ಯ ಅಚ್ಚಾದರೆ ಅನ್ವಿತಾಳ ಗತಿ? ನಾನು ಯಾವ ಪತ್ರಿಕೆಗೂ ಬರೆಯುವುದಿಲ್ಲ. ನೀನು ಹಾಕಿದರೂ ಸರಿ, ಹಾಕದಿದ್ದರೂ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ.

ವಾರಿಜ

ನೆಕ್ರಾಜೆ
೩೦ ಡಿಸೆಂಬರ್ ೨೦೦೫

ಪ್ರೀತಿಯ ವಾರಿಜಳಿಗೆ,

ಇದರ ಜೊತೆ ಸಂಚಿಕೆ ಇದೆ. ಇತಿಹಾಸದ ಎರಡನೇ ಪುಟ ನೋಡು. ಒಂದಕ್ಷರವೂ ಬದಲಾಗಿಲ್ಲ. ಪ್ರೆಸ್ಸಿಗೆ ಕೊಟ್ಟದ್ದು ನಾನೇ, ಮ್ಯಾನೇಜರರ ಒಪ್ಪಿಗೆಗೆ ಕಾಯಲಿಲ್ಲ.

ಸಮಾರಂಭ ಮೊನ್ನೆ ಮುಗಿಯಿತು. ಅಮ್ಮನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಅಮ್ಮಣಿ ಟೀಚರ್ ಬಂದಿದ್ದರು. ಸಂಚಿಕೆ ಬಿಡಿಸಿ ಓದಿ, ಎದ್ದು ಬಂದು ಅಮ್ಮನ ಪಕ್ಕದಲ್ಲಿ ಕೂತರು. ಇಬ್ಬರೂ ಮೊಣಕಾಲು ನೋವಿನ ಎಣ್ಣೆಯ ಬಗ್ಗೆಯೇ ಮಾತಾಡಿದರು. ಹೋಗುವಾಗ ಅಮ್ಮಣಿ ಟೀಚರ್ ಅಮ್ಮನ ಕಾಲು ಮುಟ್ಟಿದರು, ಅಮ್ಮ ಬೈದರು.

ಇಷ್ಟು ದಿನ ನಿನಗೆ ಬರೆಯದೆ ಇಟ್ಟದ್ದು ಒಂದುಂಟು. ಅಕ್ಟೋಬರಿನಲ್ಲಿ ಪುಟಗಳನ್ನು ತೋರಿಸಲು ಈಶ್ವರಪ್ರಸಾದರ ಮನೆಗೆ ಹೋಗಿದ್ದೆ. ನೇಮಕದ ಕಾಗದ ಕೊಡುತ್ತೇನೆ ಎಂದು ಅನ್ವಿತಾಳನ್ನೂ ಬರಹೇಳಿದ್ದರು. ಅವರು ಆ ವಾಕ್ಯದ ಮೇಲೆ ಬೆರಳಿಟ್ಟು, "ಇದು ನಮ್ಮ ಅಪ್ಪನಿಗೆ ಬೈದ ಹಾಗೆ ಆಗ್ತದೆ ಮಾಷ್ಟ್ರೇ. 'ಕಾರಣಾಂತರಗಳಿಂದ' ಅಂತ ಹಾಕುವ" ಎಂದರು. ನಾನು ಅನ್ವಿತಾಳ ಮುಖ ನೋಡಿದೆ. ಆದರೂ ಹೇಳಿದೆ, "ಅಮ್ಮ ಬರೆದದ್ದು. ನಾನು ಮುಟ್ಟುವುದಿಲ್ಲ" ಎಂದು.

ಅವರು ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು. ನಗುತ್ತಲೇ ಹೇಳಿದರು, "ನೋಡು ಮಗಾ, ನಿನ್ನ ಅಪ್ಪ ಹಠ ಮಾಡಿ ನಿನ್ನ ಪೋಸ್ಟ್ ಕಳೀತಾ ಇದ್ದಾರೆ."

ಅವಳು ಎದ್ದು ನಿಂತಳು. ಗಟ್ಟಿಯಾಗಿಯೇ ಹೇಳಿದಳು ವಾರಿಜ.

"ಅಪ್ಪ ಕಳೆದದ್ದಲ್ಲ ಸರ್. ನೀವು ಕೊಡದೆ ಇದ್ದದ್ದೂ ಅಲ್ಲ. ನಾನು ಬೇಡ ಅಂದದ್ದು. ಹಾಗೇ ಬರ್ಕೊಳ್ಳಿ."

ನಿನ್ನ ಅಣ್ಣ,
ಮಹಾಲಿಂಗ